ಹುಲ್ಲು ಕರಗುತ್ತೆ, ಕವರ್ ಯಾಕೆ ಕರಗಲ್ಲ? ಮಾನೋಮರ್, ಪಾಲಿಮರ್ ಮತ್ತು ರಾಸ್ ತನೂರಾದಿಂದ ಬಂದ ಒಂದು ಪ್ರಶ್ನೆ

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜಿನಿಂದ. ಕಳಿಸಿದವರು ಪುತ್ತೂರು ಕಡೆಯವರು, ಕೆಲಸ ಸೌದಿ ಅರೇಬಿಯಾದ ರಾಸ್ ತನೂರಾದಲ್ಲಿ. ಹೋದ ಸಲ ರಜೆಗೆ ಊರಿಗೆ ಬಂದಾಗ ಮನೆಯ ಹಸು ಮೇವು ಬಿಟ್ಟಿತ್ತಂತೆ. ಹೊಟ್ಟೆ ಉಬ್ಬರ, ಮೆಲುಕು ಹಾಕೋದೂ ನಿಂತಿತ್ತು. ಪಶುವೈದ್ಯರು ಬಂದು ಎಡ ಪಕ್ಕೆ ಕೊಯ್ದು ನೋಡಿದರೆ ಒಳಗೆ ಪ್ಲಾಸ್ಟಿಕ್ ಕವರ್‌ಗಳ ದೊಡ್ಡ ಮುದ್ದೆ. ಪುಣ್ಯಕ್ಕೆ ಹಸು ಉಳೀತು. ಆದರೆ ಎಂಟನೇ ಕ್ಲಾಸಿನ ಮಗಳು ಅಲ್ಲೇ ನಿಂತು ಅಪ್ಪನಿಗೆ ಎರಡು ಪ್ರಶ್ನೆ ಹಾಕಿದಳು. "ಅಪ್ಪಾ, ನೀವು ಕೆಲಸ ಮಾಡೋ ಕಡೆಯ ಎಣ್ಣೆಯಿಂದಲೇ ಅಲ್ವಾ ಇದನ್ನ ಮಾಡೋದು?" ಇದು ಮೊದಲನೆಯದು. ಎರಡನೆಯದು, "ಅಷ್ಟು ಒರಟು ಬೈಹುಲ್ಲು ಹಸುವಿನ ಹೊಟ್ಟೆಯಲ್ಲಿ ಕರಗುತ್ತೆ, ಇಷ್ಟು ತೆಳು ಕವರ್ ಯಾಕೆ ಕರಗಲ್ಲ?"

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡನೆಯದಂತೂ ತುಂಬಾ ಆಳದ್ದು. ಯಾಕೆಂದರೆ ಬೈಹುಲ್ಲೂ ಪಾಲಿಮರ್, ಕವರೂ ಪಾಲಿಮರ್. ಎರಡೂ ಸಣ್ಣ ಸಣ್ಣ ಅಣುಗಳು ಒಂದಕ್ಕೊಂದು ಸೇರಿಕೊಂಡು ಆದ ಉದ್ದನೆಯ ಸರಪಳಿಗಳೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅದು ಸರಪಳಿಯ ಕೊಂಡಿ ಕೂಡುವ ರೀತಿಯಲ್ಲಿದೆ.

ಮೊದಲು ಪದಗಳನ್ನು ಮುಗಿಸಿಬಿಡೋಣ. ಗ್ರೀಕ್ ಭಾಷೆಯಲ್ಲಿ ಮೋನೋ ಅಂದರೆ ಒಂದು, ಪಾಲಿ ಅಂದರೆ ಹಲವು, ಮೆರೋಸ್ ಅಂದರೆ ಭಾಗ. ಬಿಡಿ ಅಣು ಮಾನೋಮರ್. ಅಂಥವು ನೂರಾರು, ಸಾವಿರಾರು ಸೇರಿ ಆದದ್ದು ಪಾಲಿಮರ್. ಇದನ್ನು ವಿವರಿಸೋಕೆ ಸಾಮಾನ್ಯವಾಗಿ ಹೂವಿನ ಮಾಲೆಯ ಉದಾಹರಣೆ ಕೊಡ್ತಾರೆ. ನನಗೆ ಅದು ಅಷ್ಟು ಸರಿ ಅನ್ನಿಸಲ್ಲ. ಮಾಲೆಯಲ್ಲಿ ಹೂವೇ ಬೇರೆ, ದಾರವೇ ಬೇರೆ. ಪಾಲಿಮರ್‌ನಲ್ಲಿ ದಾರ ಅನ್ನೋದೇ ಇಲ್ಲ. ಹೂವುಗಳೇ ಒಂದರ ಕೈ ಒಂದು ಹಿಡಿದು ನಿಂತ ಹಾಗೆ. ಈ ಕೈ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ, ಸಂಚಿಕೆ ಪೂರ್ತಿ ಬೇಕಾಗುತ್ತೆ.

ಈಗ ರಾಸ್ ತನೂರಾಕ್ಕೆ ಹೋಗೋಣ. ಸೌದಿಯ ಪೂರ್ವ ಕರಾವಳಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಸಣ್ಣ ನೆಲ. ಅರಬ್ಬಿಯಲ್ಲಿ ರಾಸ್ ಅಂದರೆ ತಲೆ, ಭೂಶಿರ. ತನೂರಾ ಅಂದರೆ ಒಲೆ ಅಂತ ಅರ್ಥ ಹೇಳ್ತಾರೆ. ನಾವು ಹೋಟೆಲಿನಲ್ಲಿ ಹೇಳೋ ತಂದೂರಿ ರೊಟ್ಟಿಯ ತಂದೂರ್ ಕೂಡ ಇದೇ ಮನೆತನದ ಪದ. ಅಲ್ಲಿನ ಸೆಕೆ ಕಂಡವರಿಗೆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. 1939ರ ಮೇ 1ರಂದು ದೊರೆ ಅಬ್ದುಲ್ ಅಜೀಜ್ ಇಲ್ಲಿ ಒಂದು ವಾಲ್ವ್ ತಿರುಗಿಸಿದರು. ಡಿ. ಜಿ. ಸ್ಕೋಫೀಲ್ಡ್ ಅನ್ನೋ ಟ್ಯಾಂಕರಿಗೆ ಕಚ್ಚಾ ತೈಲ ಹರೀತು. ಸೌದಿ ತೈಲ ಹಡಗಿನಲ್ಲಿ ಹೊರದೇಶಕ್ಕೆ ಹೊರಟದ್ದು ಹಾಗೆ ಶುರುವಾಯಿತು. ದೊಡ್ಡ ರಿಫೈನರಿ ಬಂದದ್ದು 1945ರಲ್ಲಿ.

ಎಣ್ಣೆಯ ಬಾವಿಯಿಂದ ಎಣ್ಣೆಯೊಂದೇ ಬರಲ್ಲ, ಜೊತೆಗೆ ಗ್ಯಾಸೂ ಬರುತ್ತೆ. ದಶಕಗಳ ಕಾಲ ಅದರಲ್ಲಿ ಬಹುಪಾಲನ್ನು ಅಲ್ಲೇ ಕೊಳವೆಯ ತುದಿಯಲ್ಲಿ ಬೆಂಕಿ ಹಚ್ಚಿ ಉರಿಸಿಬಿಡ್ತಿದ್ದರು. 1970ರ ದಶಕದ ನಡುವೆ ಸೌದಿ ಸರ್ಕಾರ ಅದನ್ನೆಲ್ಲ ಹಿಡಿದು ಕೊಳವೆಗಳಲ್ಲಿ ಸಾಗಿಸೋ ಮಾಸ್ಟರ್ ಗ್ಯಾಸ್ ಸಿಸ್ಟಮ್ ಅನ್ನೋ ದೊಡ್ಡ ಯೋಜನೆ ಕೈಗೆತ್ತಿಕೊಂಡಿತು. ರಾಸ್ ತನೂರಾದ ಪಕ್ಕದ ಜುಐಮಾದಲ್ಲಿ ಆ ಗ್ಯಾಸಿನ ಭಾರದ ಭಾಗಗಳನ್ನು ಬೇರ್ಪಡಿಸ್ತಾರೆ. ಪ್ರೊಪೇನ್, ಬ್ಯೂಟೇನ್ ಹಡಗು ಹತ್ತಿ ಹೋಗ್ತವೆ. ನಮ್ಮ ಅಡುಗೆ ಸಿಲಿಂಡರಿನಲ್ಲಿರೋದು ಇವೇ. ಈಥೇನ್ ಮಾತ್ರ ಕೊಳವೆಯಲ್ಲೇ ಉತ್ತರಕ್ಕೆ, ಜುಬೈಲ್ ಕಡೆಗೆ ಹೋಗುತ್ತೆ. ಜುಬೈಲ್‌ನ ಪ್ಲಾಸ್ಟಿಕ್ ಉದ್ಯಮ ಎದ್ದು ನಿಂತದ್ದು ಈ ಈಥೇನ್ ಮೇಲೆ.

ಅಂದಹಾಗೆ, ಅರಾಮ್ಕೊ ಮತ್ತು ಡೌ ಕಂಪನಿಗಳು ಸೇರಿ ಒಂದು ಭಾರೀ ರಾಸಾಯನಿಕ ಕಾರ್ಖಾನೆ ಕಟ್ಟೋ ಮಾತು 2007ರಲ್ಲಿ ಬಂದಾಗ ಜಾಗ ಅಂತ ಹೇಳಿದ್ದು ರಾಸ್ ತನೂರಾವನ್ನೇ. ಆಮೇಲೆ ಅದು ಜುಬೈಲ್‌ಗೆ ಸ್ಥಳಾಂತರ ಆಯಿತು. 2011ರಲ್ಲಿ ಸದಾರಾ ಅನ್ನೋ ಹೆಸರಿನ ಕಂಪನಿ ಆಗಿ, 26 ಘಟಕಗಳು ಒಂದೇ ಆವರಣದಲ್ಲಿ ಎದ್ದವು. ಹಾಗಾಗಿ ನಮ್ಮ ಕೇಳುಗರ ಊರು ಪ್ಲಾಸ್ಟಿಕ್ ಕಾರ್ಖಾನೆಯ ಊರಾಗೋದು ಸ್ವಲ್ಪದರಲ್ಲಿ ತಪ್ಪಿತು.

ಈಗ ಗಮನ ಕೊಟ್ಟು ಕೇಳಿ. ಈಥೇನ್‌ನಿಂದ ನೇರವಾಗಿ ಪ್ಲಾಸ್ಟಿಕ್ ಮಾಡೋಕೆ ಆಗಲ್ಲ. ಯಾಕೆ? ಇಂಗಾಲಕ್ಕೆ ಅಂದರೆ ಕಾರ್ಬನ್‌ಗೆ ನಾಲ್ಕು ಕೈ, ಹೈಡ್ರೋಜನ್‌ಗೆ ಒಂದೇ ಕೈ ಅಂತ ಇಟ್ಟುಕೊಳ್ಳಿ. ಈಥೇನ್‌ನಲ್ಲಿ ಎರಡು ಕಾರ್ಬನ್, ಆರು ಹೈಡ್ರೋಜನ್. ಪ್ರತಿ ಕಾರ್ಬನ್ ಒಂದು ಕೈಯನ್ನು ಇನ್ನೊಂದು ಕಾರ್ಬನ್‌ಗೆ ಕೊಟ್ಟಿದೆ, ಉಳಿದ ಮೂರು ಕೈಯಲ್ಲಿ ಮೂರು ಹೈಡ್ರೋಜನ್. ಎಲ್ಲ ಕೈಯೂ ಭರ್ತಿ. ಪಕ್ಕದವರ ಕೈ ಹಿಡಿಯೋಕೆ ಯಾರಿಗೂ ಬಿಡುವಿಲ್ಲ.

ಆದ್ದರಿಂದ ಈಥೇನನ್ನು ನೀರಾವಿಯ ಜೊತೆ ಕುಲುಮೆಯ ಕೊಳವೆಗಳಲ್ಲಿ ಹಾಯಿಸ್ತಾರೆ. ಬಿಸಿ ಸುಮಾರು 850 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಲ್ಲಿ ಗ್ಯಾಸ್ ಇರೋದು ಒಂದು ಸೆಕೆಂಡಿಗಿಂತ ಕಡಿಮೆ, ಕೂಡಲೇ ತಣಿಸಿಬಿಡ್ತಾರೆ. ತಡಮಾಡಿದರೆ ಎಲ್ಲ ಮಸಿಯಾಗಿ ಹೋಗುತ್ತೆ. ಈ ಹೊತ್ತಿನಲ್ಲಿ ಒಂದೊಂದು ಕಾರ್ಬನ್‌ನಿಂದ ಒಂದೊಂದು ಹೈಡ್ರೋಜನ್ ಕಳಚಿ ಹೋಗುತ್ತೆ. ಖಾಲಿಯಾದ ಕೈಗಳನ್ನು ಕಾರ್ಬನ್‌ಗಳು ಸುಮ್ಮನೆ ಬಿಡ್ತವಾ? ಒಂದರದ್ದು ಒಂದು ಹಿಡಿದುಕೊಳ್ತವೆ. ಈಗ ಅವೆರಡರ ನಡುವೆ ಎರಡು ಕೈಗಳ ಹಿಡಿತ. ಇದೇ ಎಥಿಲೀನ್. ಇದೇ ಮಾನೋಮರ್.

ಉತ್ತರ ಕರ್ನಾಟಕದವರು ಫುಗಡಿ ಆಟ ನೆನಪು ಮಾಡಿಕೊಳ್ಳಿ. ಇಬ್ಬರು ಹುಡುಗಿಯರು ಎದುರುಬದುರು ನಿಂತು ಎರಡೂ ಕೈ ಹಿಡಿದು ಗಿರಗಿರ ಸುತ್ತೋದು. ಎಥಿಲೀನ್ ಅಂದರೆ ಅಂಥ ಒಂದು ಜೋಡಿ. ಎರಡು ಕೈಯಲ್ಲಿ ಒಂದನ್ನು ಬಿಟ್ಟರೂ ಜೋಡಿ ಬೇರೆ ಆಗಲ್ಲ, ಇನ್ನೊಂದು ಕೈ ಹಿಡಿದೇ ಇರುತ್ತೆ. ಆದರೆ ಈಗ ಇಬ್ಬರಿಗೂ ಹೊರಗಡೆ ಒಂದೊಂದು ಕೈ ಖಾಲಿ. ಆ ಕಡೆಗೊಬ್ಬರು, ಈ ಕಡೆಗೊಬ್ಬರು ಸೇರಬಹುದು. ಮಾನೋಮರ್ ಆಗೋಕೆ ಬೇಕಾದ ಅರ್ಹತೆ ಇಷ್ಟೇ: ಕನಿಷ್ಠ ಎರಡು ಕಡೆ ಕೈ ಚಾಚೋಕೆ ಬರಬೇಕು. ಒಂದೇ ಕಡೆ ಚಾಚೋದು ಬಂದರೆ ಸಾಲು ಅಲ್ಲಿಗೇ ನಿಂತುಹೋಗುತ್ತೆ.

ಈ ಎಥಿಲೀನ್ ನಿಮಗೆ ಅಪರಿಚಿತ ಏನಲ್ಲ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುತ್ತಲ್ಲ, ಕಾಯಿಗಳು ತಾವೇ ಬಿಡುವ ಎಥಿಲೀನ್ ಅನಿಲ ಅಲ್ಲೇ ಕಟ್ಟಿಕೊಂಡು ಆ ಕೆಲಸ ಮಾಡುತ್ತೆ. ಅಜ್ಜಿ ಹಣ್ಣು ಮಾಡೋಕೆ ಬಳಸಿದ ಅಣುವೇ ಜುಬೈಲ್‌ನಲ್ಲಿ ಪ್ಲಾಸ್ಟಿಕ್‌ನ ಮೂಲ.

ಫುಗಡಿ ಜೋಡಿಗಳಿಂದ ತುಂಬಿದ ಒಂದು ಮೈದಾನ ಊಹಿಸಿಕೊಳ್ಳಿ. ಎಲ್ಲರೂ ತಮ್ಮ ಪಾಡಿಗೆ ಸುತ್ತುತ್ತಿದ್ದಾರೆ. ಅಲ್ಲಿಗೆ ಒಂದು ಕೈ ಖಾಲಿ ಇರೋ ತುಂಟ ಹುಡುಗನೊಬ್ಬ ನುಗ್ಗಿ, ಒಂದು ಜೋಡಿಯಲ್ಲಿ ಒಬ್ಬಳ ಕೈ ಕಿತ್ತು ಹಿಡಿದುಕೊಳ್ತಾನೆ. ಆಗ ಅವಳ ಜೊತೆಗಾರ್ತಿಯ ಒಂದು ಕೈ ಖಾಲಿ. ಅವಳು ಸುಮ್ಮನಿರ್ತಾಳಾ? ಪಕ್ಕದ ಜೋಡಿಯಲ್ಲಿ ಒಬ್ಬಳ ಕೈ ಎಳೀತಾಳೆ. ಅಲ್ಲೂ ಅದೇ ಕತೆ. ಕಣ್ಣುಮುಚ್ಚಿ ತೆರೆಯೋದರಲ್ಲಿ ಸಾವಿರಾರು ಜನರ ಸಾಲು. ಆ ತುಂಟ ಹುಡುಗನೇ ಇನಿಶಿಯೇಟರ್, ಅಂದರೆ ಶುರು ಮಾಡೋನು. ಕಾರ್ಖಾನೆಯಲ್ಲಿ ಆಮ್ಲಜನಕ ಅಥವಾ ಪೆರಾಕ್ಸೈಡ್ ಇದನ್ನು ಮಾಡುತ್ತೆ. ಸಾಲು ನಿಲ್ಲೋದು ಯಾವಾಗ? ಎರಡು ಸಾಲುಗಳ ತುದಿಗಳು ಎದುರಾಗಿ ಪರಸ್ಪರ ಕೈ ಹಿಡಿದಾಗ. ಆಮೇಲೆ ಯಾರ ಕೈಯೂ ಖಾಲಿ ಇರಲ್ಲ. ಹೀಗೆ ಆದದ್ದು ಪಾಲಿ ಎಥಿಲೀನ್. ಜನರ ಬಾಯಲ್ಲಿ ಪಾಲಿಥೀನ್.

ಇದು ಸಿಕ್ಕಿದ್ದು ಆಕಸ್ಮಿಕವಾಗಿ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್, ಎಥಿಲೀನನ್ನು ಇನ್ನೊಂದು ರಾಸಾಯನಿಕದ ಜೊತೆ ಸಾವಿರಕ್ಕೂ ಹೆಚ್ಚು ಪಟ್ಟು ವಾತಾವರಣದ ಒತ್ತಡದಲ್ಲಿ ಅದುಮಿ ನೋಡ್ತಿದ್ದರು. ಅಂದುಕೊಂಡದ್ದು ಆಗಲಿಲ್ಲ. ಪಾತ್ರೆ ಬಿಚ್ಚಿದರೆ ಒಳಗೆ ಬಿಳಿ ಮೇಣದಂಥದ್ದು ಅಂಟಿತ್ತು. ಮತ್ತೆ ಮಾಡೋಕೆ ಹೋದರೆ ಕೆಲವೊಮ್ಮೆ ಏನೂ ಆಗ್ತಿರಲಿಲ್ಲ, ಕೆಲವೊಮ್ಮೆ ಸಿಡಿದು ಹೋಗ್ತಿತ್ತು. ಗುಟ್ಟು ಗೊತ್ತಾಗೋಕೆ 1935ರ ಡಿಸೆಂಬರ್ ಬರಬೇಕಾಯಿತು. ಎಥಿಲೀನ್‌ನಲ್ಲಿ ಸೇರಿಕೊಂಡಿದ್ದ ಚೂರೇ ಚೂರು ಆಮ್ಲಜನಕವೇ ಆ ತುಂಟ ಹುಡುಗ! ಅದು ಇಲ್ಲದಿದ್ದರೆ ಆಟವೇ ಶುರುವಾಗಲ್ಲ, ಹೆಚ್ಚಾದರೆ ಸ್ಫೋಟ.

ಸ್ಫೋಟ ಯಾಕೆ ಅಂದರೆ, ಜೋಡಿ ಬಿಟ್ಟು ಸಾಲಾಗೋದರಲ್ಲಿ ಶಕ್ತಿ ಬಿಡುಗಡೆ ಆಗುತ್ತೆ. ಎರಡು ಕೈಯ ಆ ಬಿಗಿ ಹಿಡಿತಕ್ಕಿಂತ ಸಾಲಿನ ಒಂದೊಂದು ಕೈಯ ಹಿಡಿತವೇ ಒಟ್ಟಾರೆ ಹೆಚ್ಚು ನೆಮ್ಮದಿ. ಒಂದು ಕಿಲೋ ಎಥಿಲೀನ್ ಪಾಲಿಥೀನ್ ಆಗುವಾಗ ಸುಮಾರು 3,300 ಕಿಲೋಜೂಲ್ ಶಾಖ ಹೊರಬರುತ್ತೆ. ಒಂದು ಲೀಟರ್ ನೀರನ್ನು ಕುದಿಸಿ, ಪೂರ್ತಿ ಆವಿ ಮಾಡಿ ಪಾತ್ರೆ ಒಣಗಿಸಿದ ಮೇಲೂ ಮಿಗುವಷ್ಟು. ಕಾರ್ಖಾನೆಯ ದೊಡ್ಡ ತಲೆನೋವು ಈ ಬಿಸಿಯನ್ನು ಹೊರಹಾಕೋದು. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಸೇರುವಾಗ ಬಿಟ್ಟುಕೊಟ್ಟ ಶಕ್ತಿಯನ್ನು ಬಿಡಿಸುವಾಗ ನಾವು ಕೈಯಿಂದ ವಾಪಸ್ ಕಟ್ಟಬೇಕಾಗುತ್ತೆ.

ಸಾಲು ಹೇಗೆ ನಿಂತಿದೆ ಅನ್ನೋದರ ಮೇಲೆ ವಸ್ತುವಿನ ಗುಣವೂ ಬದಲಾಗುತ್ತೆ. ಫಾಸೆಟ್, ಗಿಬ್ಸನ್ ದಾರಿಯಲ್ಲಿ ಮಾಡಿದರೆ ಸಾಲಿಗೆ ಅಲ್ಲಲ್ಲಿ ಕವಲು ಒಡೆಯುತ್ತೆ. ಮುಳ್ಳುಕಂಟಿಗಳನ್ನು ಎಷ್ಟು ಒತ್ತಿದರೂ ಹೊರೆ ಗಟ್ಟಿ ಕೂರಲ್ಲ ನೋಡಿ, ಹಾಗೆ ಈ ಸರಪಳಿಗಳೂ ಒತ್ತೊತ್ತಾಗಿ ಕೂರಲ್ಲ. ಆದ್ದರಿಂದ ಮೆತ್ತಗೆ, ಬಳುಕೋ ಹಾಗೆ ಇರುತ್ತೆ. ಹಾಲಿನ ಪ್ಯಾಕೆಟ್ ಮುಟ್ಟಿದರೆ ಗೊತ್ತಾಗುತ್ತೆ. 1953ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಲೋಹದ ವೇಗವರ್ಧಕ ಬಳಸಿ, ಅಷ್ಟೊಂದು ಒತ್ತಡವೇ ಇಲ್ಲದೆ, ಕವಲಿಲ್ಲದ ನೇರ ಸಾಲು ಮಾಡೋ ದಾರಿ ಕಂಡುಹಿಡಿದರು. ಅದು ಬಿದಿರಿನ ಗಳಗಳ ಕಟ್ಟಿನ ಹಾಗೆ ಒತ್ತಾಗಿ ಕೂರುತ್ತೆ. ಬಕೆಟ್, ನೀರಿನ ಡ್ರಮ್ಮು ಆಗೋದು ಇದರಿಂದ. ಇನ್ನೂ ಉದ್ದ ಮಾಡಿ, ಒಂದೊಂದು ಸರಪಳಿಯಲ್ಲಿ ಲಕ್ಷಕ್ಕೂ ಹೆಚ್ಚು ಎಥಿಲೀನ್ ಇರೋ ಹಾಗೆ ಮಾಡಿದರೆ, ಮಂಡಿ ಬದಲಿಸೋ ಆಪರೇಷನ್‌ನಲ್ಲಿ ಎರಡು ಲೋಹಗಳ ನಡುವೆ ಕೂರಿಸೋ ಬಿಲ್ಲೆ ಆಗುತ್ತೆ. ದೊಡ್ಡಮ್ಮನ ಮಂಡಿಯೊಳಗಿರೋದೂ ಹಾಲಿನ ಪ್ಯಾಕೆಟ್ಟೂ ಒಂದೇ ಮಾನೋಮರ್‌ನ ಮಕ್ಕಳು.

ಮಗಳ ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡ್ತೀನಿ. ಆ ಹಸುವಿನ ಹೊಟ್ಟೆಯ ಕವರ್ ರಾಸ್ ತನೂರಾದ ಎಣ್ಣೆಯಿಂದಲೇ ಆಯಿತು ಅಂತ ಯಾರೂ ಹೇಳೋಕೆ ಆಗಲ್ಲ. ಎಣ್ಣೆ, ಗ್ಯಾಸು ಎಲ್ಲೆಲ್ಲಿಂದಲೋ ಬಂದು ಒಂದೇ ತೊಟ್ಟಿಯಲ್ಲಿ ಬೆರೆತು ಹೋಗುತ್ತೆ. ಆದರೆ ನಂಟು ಇದೆ. ಮಂಗಳೂರಿನ ಎಂಆರ್‌ಪಿಎಲ್ ಸೌದಿಯಿಂದಲೂ ಕಚ್ಚಾ ತೈಲ ತರಿಸುತ್ತೆ. ಅಲ್ಲೇ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕ ಇದೆ. ಪ್ರೊಪಿಲೀನ್ ಅಂದರೆ ಎಥಿಲೀನ್‌ನ ತಮ್ಮ ಅನ್ನಿ. ಫುಗಡಿ ಜೋಡಿಯಲ್ಲಿ ಒಬ್ಬಳ ಬೆನ್ನಿಗೆ ಇನ್ನೊಂದು ಕಾರ್ಬನ್ ಚೀಲದ ಹಾಗೆ ನೇತಾಡ್ತಿರುತ್ತೆ. ಆ ಚೀಲಗಳೆಲ್ಲ ಸಾಲಿನ ಒಂದೇ ಬದಿಗೆ ಬರೋ ಹಾಗೆ ಜೋಡಿಸೋದನ್ನು 1954ರಲ್ಲಿ ಇಟಲಿಯ ಜೂಲಿಯೊ ನಾಟ್ಟಾ ಸಾಧಿಸಿದರು. 1963ರ ನೊಬೆಲ್ ಅವರಿಗೂ ಸೀಗ್ಲರ್‌ಗೂ ಹಂಚಿಕೆ ಆಯಿತು. ಅಕ್ಕಿ, ಸಿಮೆಂಟು ತುಂಬಿ ಬರೋ ನೇಯ್ದ ಪ್ಲಾಸ್ಟಿಕ್ ಚೀಲ, ಮದುವೆ ಮನೆಯ ಕುರ್ಚಿ, ಇವೆಲ್ಲ ಪಾಲಿಪ್ರೊಪಿಲೀನ್.

ಈಗ ಎರಡನೇ ಪ್ರಶ್ನೆ, ಬೈಹುಲ್ಲು. ಭತ್ತದ ಗದ್ದೆಗೆ ಬನ್ನಿ. ಒಂದೇ ಗಿಡ. ಮೇಲಿನ ತೆನೆಯಲ್ಲಿ ಅಕ್ಕಿ, ಕೆಳಗೆ ಹುಲ್ಲು. ಅಕ್ಕಿಯಲ್ಲಿರೋದು ಪಿಷ್ಟ, ಹುಲ್ಲಿನ ಮುಖ್ಯ ವಸ್ತು ಸೆಲ್ಯುಲೋಸ್. ಎರಡರ ಮಾನೋಮರ್ ಯಾವುದು ಗೊತ್ತಾ? ಒಂದೇ. ಗ್ಲೂಕೋಸ್! ಆದರೆ ಇಲ್ಲಿ ಫುಗಡಿ ಆಟ ಇಲ್ಲ. ಎರಡು ಗ್ಲೂಕೋಸ್ ಅಣುಗಳು ಕೈ ಜೋಡಿಸುವಾಗ ಒಂದು ನೀರಿನ ಅಣು ಹೊರಗೆ ಬೀಳುತ್ತೆ. ಆ ಜಾಗದಲ್ಲಿ ಎರಡರ ನಡುವೆ ಒಂದು ಆಮ್ಲಜನಕ ಕೂತು ಸೇತುವೆ ಆಗುತ್ತೆ. ಪ್ರತಿ ಜೋಡಣೆಗೂ ಒಂದು ನೀರು, ಒಂದು ಸೇತುವೆ. ಈ ಜಾತಿಯ ಜೋಡಣೆಗೆ ಕಂಡೆನ್ಸೇಷನ್ ಅಂತ ಹೆಸರು. ರಾಮನಗರದ ಮಾರುಕಟ್ಟೆಯ ರೇಷ್ಮೆಗೂಡಿನ ಎಳೆ ಕೂಡ ಹೀಗೆಯೇ ಆದದ್ದು. ಅಲ್ಲಿ ಮಣಿಗಳು ಗ್ಲೂಕೋಸ್ ಅಲ್ಲ, ಅಮೈನೋ ಆಮ್ಲಗಳು, ಅಷ್ಟೇ.

ನೀರು ಹೊರಹೋಗಿ ಕೂಡಿದ್ದನ್ನು ನೀರು ಸೇರಿಸಿ ಬಿಡಿಸಬಹುದು. ಅನ್ನವನ್ನು ನುಂಗದೆ ಸ್ವಲ್ಪ ಹೊತ್ತು ಅಗಿಯಿರಿ, ಬಾಯಿ ಸಿಹಿ ಆಗುತ್ತೆ. ಎಂಜಲಿನಲ್ಲಿರೋ ಕಿಣ್ವ, ಅಂದರೆ ಎನ್ಜೈಮ್, ಒಂದೊಂದು ಸೇತುವೆಯ ಹತ್ತಿರ ನೀರಿನ ಅಣುವನ್ನು ತಂದು ಬಿಡಿಸ್ತಾ ಇರುತ್ತೆ. ಪಾಲಿಮರ್ ಒಡೆದು ಸಕ್ಕರೆಯ ತುಂಡುಗಳಾಗೋದನ್ನು ನೀವು ನಾಲಿಗೆಯ ಮೇಲೇ ತಿಳೀತಾ ಇದ್ದೀರಿ. ಆದರೆ ಹುಲ್ಲು ಅಗಿದರೆ ಸಿಹಿ ಬರಲ್ಲ. ಸೆಲ್ಯುಲೋಸ್‌ನಲ್ಲಿ ಒಂದು ಬಿಟ್ಟು ಒಂದು ಗ್ಲೂಕೋಸ್ ಮಗುಚಿ ಕೂತಿರುತ್ತೆ. ಸೇತುವೆಯ ಕೋನ ಬೇರೆ, ನಮ್ಮ ಕಿಣ್ವದ ಬೀಗದಕೈ ಆ ಬೀಗಕ್ಕೆ ಕೂರಲ್ಲ. ಹಸುವಿಗೂ ಸ್ವಂತದ ಬೀಗದಕೈ ಇಲ್ಲ ಅನ್ನೋದು ಸ್ವಾರಸ್ಯ. ಅದರ ಮೊದಲ ಹೊಟ್ಟೆಯಲ್ಲಿ, ಸುಮಾರು 39 ಡಿಗ್ರಿ ಬಿಸಿಯಲ್ಲಿ, ಬಾಡಿಗೆಗೆ ಇರೋ ಸೂಕ್ಷ್ಮಜೀವಿಗಳ ಹತ್ತಿರ ಅದು ಇದೆ. ಹುಲ್ಲಿನ ಸೇತುವೆಗಳನ್ನು ಅವು ನಿಧಾನಕ್ಕೆ ಬಿಡಿಸ್ತವೆ. ಹಸು ಗಂಟೆಗಟ್ಟಲೆ ಮೆಲುಕು ಹಾಕೋದು ಅವುಗಳಿಗೆ ಕೆಲಸ ಸುಲಭ ಮಾಡಿಕೊಡೋಕೆ.

ಈಗ ಅದೇ ಹೊಟ್ಟೆಗೆ ಒಂದು ಕವರ್ ಹೋಯಿತು ಅನ್ನಿ. ಮುಸುರೆ ಅನ್ನವೋ, ಬಾಳೆಹಣ್ಣಿನ ಸಿಪ್ಪೆಯೋ ಕಟ್ಟಿ ಬಿಸಾಡಿದ್ದು. ಹಸು ಗಂಟು ಬಿಚ್ಚಿ ತಿನ್ನೋಕೆ ಆಗದೆ ಕವರ್ ಸಮೇತ ನುಂಗಿತು. ಒಳಗಿನ ಅನ್ನ ಕರಗುತ್ತೆ, ಸಿಪ್ಪೆ ಕರಗುತ್ತೆ. ಕವರ್ ಹತ್ತಿರ ಬಂದ ಸೂಕ್ಷ್ಮಜೀವಿಗೆ ಹಿಡಿಯೋಕೆ ಏನಿದೆ? ಆಮ್ಲಜನಕದ ಸೇತುವೆ ಇಲ್ಲ. ನೀರು ತಂದಿಡೋ ಜಾಗ ಇಲ್ಲ. ಕಾರ್ಬನ್, ಅದರ ಪಕ್ಕ ಕಾರ್ಬನ್, ಅದರ ಪಕ್ಕ ಮತ್ತೆ ಕಾರ್ಬನ್, ಸಾವಿರಾರು. ಪ್ರತಿ ಕೊಂಡಿಯೂ ಪಕ್ಕದ ಕೊಂಡಿಯ ಹಾಗೇ ಇದೆ. ಜೊತೆಗೆ ಮೇಣದ ಮೈ, ನೀರು ಅಂಟೋದೇ ಇಲ್ಲ. ಮುಂದೆ ಸಾಗೋಕೂ ಆಗದೆ ಕವರ್ ಅಲ್ಲೇ ಉಳಿಯುತ್ತೆ. ಮುಂದಿನ ವಾರ ಇನ್ನೊಂದು. ನಡುವೆ ಹಗ್ಗದ ಚೂರು, ದಾರ ಸುತ್ತಿಕೊಳ್ತವೆ. ಹಸುವಿನ ಹೊಟ್ಟೆಯಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲ್ಲ, ಅದು ಕೂಡಿಬಂದದ್ದು ಹೀಗೆ.

ಕಾಯಿಸಿ ಬಿಡಿಸಬಹುದಲ್ವಾ ಅಂತ ಕೇಳಬಹುದು. ಗಾಳಿ ಇಲ್ಲದೆ 400 ಡಿಗ್ರಿ ದಾಟಿಸಿದರೆ ಪಾಲಿಥೀನ್ ಸರಪಳಿ ಒಡೆಯುತ್ತೆ. ಆದರೆ ಎಲ್ಲ ಕೊಂಡಿಯೂ ಒಂದೇ ಥರ ಇರೋದರಿಂದ ಎಲ್ಲಿ ಬೇಕೆಂದರೆ ಅಲ್ಲಿ ಒಡೆಯುತ್ತೆ. ಸಿಗೋದು ಮೇಣ, ಎಣ್ಣೆ, ಗ್ಯಾಸುಗಳ ಕಲಬೆರಕೆ. ಅದರಿಂದ ಎಥಿಲೀನ್ ಬೇಕು ಅಂದರೆ ಮತ್ತೆ ಕುಲುಮೆ, ಮತ್ತೆ 850 ಡಿಗ್ರಿ. ಆಗಲೇ ಹೇಳಿದ ಶಕ್ತಿಯ ಸಾಲ ತೀರಿಸೋದು ಅಂದರೆ ಇದೇ. ಬಿಸಿಲಿಗೆ ಬಿದ್ದ ಕವರ್ ಪುಡಿಪುಡಿ ಆಗುತ್ತಲ್ಲ ಅಂತ ಕೆಲವರು ಹೇಳ್ತಾರೆ. ಪುಡಿ ಆಗುತ್ತೆ ನಿಜ, ಆದರೆ ಪುಡಿಯ ಒಂದೊಂದು ಕಣವೂ ಇನ್ನೂ ಪಾಲಿಥೀನೇ. ಕಣ್ಣಿಗೆ ಕಾಣದಷ್ಟು ಸಣ್ಣದಾಯಿತು ಅಂದ ಮಾತ್ರಕ್ಕೆ ಕರಗಿತು ಅಂತಲ್ಲ.

ಹಾಗಂತ ಎಲ್ಲ ಪ್ಲಾಸ್ಟಿಕ್ಕೂ ಇಷ್ಟು ಹಟಮಾರಿ ಅಲ್ಲ. ನೀರಿನ ಬಾಟಲಿಯ ಪೆಟ್, ಅಂದರೆ ಪಾಲಿಯೆಸ್ಟರ್, ಅಕ್ಕಿಯ ದಾರಿಯಲ್ಲಿ ಕೂಡಿದ್ದು. ಎರಡು ಬಗೆಯ ಮಾನೋಮರ್‌ಗಳು, ನಡುವೆ ಆಮ್ಲಜನಕದ ಸೇತುವೆ. ಅದರ ಮೂಲವಸ್ತುಗಳಲ್ಲೊಂದಾದ ಪ್ಯಾರಾಕ್ಸೈಲೀನ್ ಕೂಡ ಮಂಗಳೂರಿನಲ್ಲಿ ತಯಾರಾಗುತ್ತೆ. ಸೇತುವೆ ಇರೋದರಿಂದ ರಾಸಾಯನಿಕವಾಗಿ ಬಿಡಿಸಿ ಮತ್ತೆ ಮಾನೋಮರ್ ಪಡೆಯೋಕೆ ಬರುತ್ತೆ. 2016ರಲ್ಲಿ ಜಪಾನಿನ ವಿಜ್ಞಾನಿಗಳು, ಬಾಟಲಿ ಮರುಬಳಕೆ ಮಾಡೋ ಜಾಗದ ಹತ್ತಿರ ಸಿಕ್ಕಿದ ಒಂದು ಬ್ಯಾಕ್ಟೀರಿಯಾ ಪೆಟ್ ಸೇತುವೆಯನ್ನು ಬಿಡಿಸಿ ಅದನ್ನೇ ತಿಂದು ಬದುಕುತ್ತೆ ಅಂತ ಪ್ರಕಟಿಸಿದರು. ಊರಿನ ಹೆಸರು ಸಕಾಯ್, ಹಾಗಾಗಿ ಅದಕ್ಕೆ ಇಡಿಯೊನೆಲ್ಲಾ ಸಕಾಯೆನ್ಸಿಸ್ ಅಂತ ಹೆಸರಿಟ್ಟರು. ಇದನ್ನು ಓದಿ ಪ್ಲಾಸ್ಟಿಕ್ ಸಮಸ್ಯೆ ಮುಗೀತು ಅಂತ ವಾಟ್ಸಾಪಿನಲ್ಲಿ ಹಂಚಿಕೊಂಡವರು ತುಂಬಾ ಜನ. ಅದು ಪೆಟ್ ತಿನ್ನುತ್ತೆ, ಅದೂ ನಿಧಾನಕ್ಕೆ. ಕವರಿನ ಪಾಲಿಥೀನ್ ಅದಕ್ಕೂ ಬೇಡ.

ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದಾರೆ. ಸಂತೆಗೆ ಹೋದರೆ ಅದು ಎಷ್ಟು ಜಾರಿಯಲ್ಲಿದೆ ಅಂತ ನಿಮಗೇ ಗೊತ್ತು. ಹಾಗಾಗಿ ನಮ್ಮ ಕೇಳುಗರ ಮಗಳಿಗೆ ಒಂದು ಕೆಲಸ ಹೇಳ್ತೀನಿ, ಉಳಿದವರೂ ಮಾಡಬಹುದು. ಮನೆಯಲ್ಲಿರೋ ಡಬ್ಬಿ, ಬಾಟಲಿಗಳ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತೆ. 1 ಅಂದರೆ ಪೆಟ್, ಸೇತುವೆ ಇರೋದು. 2 ಮತ್ತು 4 ಪಾಲಿಥೀನ್, 5 ಪಾಲಿಪ್ರೊಪಿಲೀನ್, ಈ ಮೂರರಲ್ಲೂ ಸೇತುವೆ ಇಲ್ಲ. ಯಾವುದು ಎಷ್ಟು ಸಿಕ್ಕಿತು ಅಂತ ಎಣಿಸಿ ನಮಗೆ ಬರೆದು ಕಳಿಸಿ. ಹಸು ಹೇಗಿದೆ ಅಂತಲೂ ಬರೀಬೇಕು.